ನಬಾಬನ ಗುಮ್ಮಟ, ನಂದಿಯ ಸೇತುವೆ

ಉರ್ದು ಶಾಲೆಯಲ್ಲಿ ಅಕ್ಷರ ತಿದ್ದಿ ಕನ್ನಡದಲ್ಲಿ ಕತೆ ಬರೆಯುವ ನಮಗೆ ಪದಗಳ ಪ್ರಯಾಣವೆಂದರೆ ತೀರದ ಕುತೂಹಲ. ಅರಬಿಯಲ್ಲಿ 'ನಾಯಿಬ್' ಎಂದರೆ ಪ್ರತಿನಿಧಿ. ಅದರ ಬಹುವಚನ ನಮ್ಮಲ್ಲಿ 'ನವಾಬ'ನಾಯಿತು. ಇಂಗ್ಲಿಷರ ಬಾಯಿಗೆ ಬಿದ್ದು 'ನಬಾಬ್' ಆಯಿತು. ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ನೌಕರಿಗೆ ಬಂದು, ಹಣದ ಗಂಟು ಕಟ್ಟಿಕೊಂಡು ಮರಳಿದವರನ್ನು ಅವರ ದೇಶದ ಜನರೇ ಹೀಗೆ ಕರೆದು ಹಂಗಿಸುತ್ತಿದ್ದರು. ಈ ನಬಾಬರು ಹಳ್ಳಿಗಾಡಿನಲ್ಲಿ ಎಸ್ಟೇಟುಗಳನ್ನು ಕೊಂಡರು, ಭವ್ಯ ಮನೆಗಳನ್ನು ಕಟ್ಟಿದರು, ಪಾರ್ಲಿಮೆಂಟಿಗೂ ಹೋದರು. ಸಾಮಾನ್ಯವಾಗಿ ಆ ಮನೆಗಳ ಮುಂದೆ ನಿಲ್ಲುತ್ತಿದ್ದುದು ಗ್ರೀಕ್, ರೋಮನ್ ಶೈಲಿಯ ಕಂಬಗಳು. ಹಣ ಎಲ್ಲಿಂದ ಬಂತೆಂದು ಕಂಬಗಳು ಹೇಳುವುದಿಲ್ಲ. ಆದರೆ ಒಂದು ಮನೆ ಮಾತ್ರ ಅದನ್ನು ಗುಮ್ಮಟ ಕಟ್ಟಿಯೇ ಸಾರಿತು.

ಅದು ಗ್ಲಾಸ್ಟರ್‌ಶೈರ್ ಪ್ರಾಂತದ ಸೆಝಿನ್‌ಕೋಟ್. ಮಾರ್ಟನ್-ಇನ್-ಮಾರ್ಷ್ ಎಂಬ ಸಣ್ಣ ಪೇಟೆಯ ಹತ್ತಿರ, ಕಾಟ್ಸ್‌ವೋಲ್ಡ್ ಗುಡ್ಡಗಳ ಹಸಿರಿನ ನಡುವೆ ಇದೆ. ಹೆಸರು ಕೇಳಿ ನಮಗೆ ಕೋಟೆ ನೆನಪಾಗಬಹುದು. ಅದರ ಅರ್ಥ ಮಾತ್ರ ಓಕ್ ಮರಗಳ ನಡುವಿನ ವಾಸಸ್ಥಾನ ಎಂದು. 1795ರಲ್ಲಿ ಈ ಎಸ್ಟೇಟನ್ನು ಕೊಂಡವನು ಬಂಗಾಳದ ಸೇನೆಯಲ್ಲಿದ್ದ ಕರ್ನಲ್ ಜಾನ್ ಕಾಕೆರೆಲ್. ಮೂರೇ ವರ್ಷದಲ್ಲಿ ಅವನು ತೀರಿಕೊಂಡ. ಆಸ್ತಿ ತಮ್ಮ ಚಾರ್ಲ್ಸ್‌ನ ಕೈಗೆ ಬಂತು. ಅವನೂ ಬಂಗಾಳದಲ್ಲಿ ಕಂಪೆನಿಯ ಸೇವೆಯಲ್ಲಿದ್ದು, ಲೇವಾದೇವಿ ವ್ಯವಹಾರದಲ್ಲಿ ಕೈ ಕುದುರಿಸಿಕೊಂಡವನೇ. ಇನ್ನೊಬ್ಬ ಸಹೋದರ ಸ್ಯಾಮ್ಯುಯೆಲ್ ಪೆಪೀಸ್ ಕಾಕೆರೆಲ್ ವಾಸ್ತುಶಿಲ್ಪಿ. 1805ರ ಸುಮಾರಿಗೆ ಈ ಇಬ್ಬರೂ ಸೇರಿ ಕೆಲಸ ಆರಂಭಿಸಿದರು.

ಮನೆಯ ನೆತ್ತಿಯ ಮೇಲೆ ಈರುಳ್ಳಿಯಾಕಾರದ ತಾಮ್ರದ ಗುಮ್ಮಟ. ಕಾಲ ಅದಕ್ಕೆ ಹಸಿರು ಬಣ್ಣ ಬಳಿದಿದೆ. ಮೂಲೆಗಳಲ್ಲಿ ಛತ್ರಿಗಳು. ಕಿಟಕಿಗಳ ಮೇಲೆ ನವಿಲಿನ ಗರಿ ಬಿಚ್ಚಿದಂಥ ಕಮಾನುಗಳು. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಮುಂದಕ್ಕೆ ಚಾಚಿದ ಛಜ್ಜಾ. ನಮ್ಮ ಗಾರೆ ಕೆಲಸದವರು 'ಸಜ್ಜಾ' ಎನ್ನುವುದು ಇದನ್ನೇ. ಸುಡುವ ಬಿಸಿಲು, ಹೊಡೆಯುವ ಮಳೆ ತಡೆಯಲು ಹುಟ್ಟಿದ ಈ ಸಜ್ಜಾ, ಬಿಸಿಲಿಗಾಗಿ ಜನ ಹಂಬಲಿಸುವ ನಾಡಿನಲ್ಲಿ ಬರೀ ಅಲಂಕಾರವಾಗಿ ನಿಂತಿದೆ! ಒಂದು ಪಕ್ಕದಲ್ಲಿ ಬಿಲ್ಲಿನಂತೆ ಬಾಗಿ ಸಾಗುವ ಗಾಜಿನ ಸಸ್ಯಗೃಹವಿದೆ. ಒಳಗೆ ಕಾಲಿಟ್ಟರೆ ಮಾತ್ರ ಹಿಂದೂಸ್ತಾನ ಮಾಯ. ಕೋಣೆಗಳು, ಮೆಟ್ಟಿಲು, ಎಲ್ಲವೂ ಆ ಕಾಲದ ಅಪ್ಪಟ ಯುರೋಪಿಯನ್ ಅಭಿರುಚಿ. ಅಂದರೆ ನಮ್ಮ ಅಂಗಿ ತೊಟ್ಟಿದ್ದಾರೆ, ನಮ್ಮ ಮನೆಯಲ್ಲಿ ವಾಸ ಮಾಡಲಿಲ್ಲ.

ಇಲ್ಲಿನ ತೋಟವನ್ನು ರೂಪಿಸಿದವರಲ್ಲಿ ಚಿತ್ರಕಾರ ಥಾಮಸ್ ಡೇನಿಯಲ್ ಮುಖ್ಯನಾದವನು. ಅವನು ಅಣ್ಣನ ಮಗ ವಿಲಿಯಮ್‌ನೊಂದಿಗೆ 1786ರಿಂದ 1793ರವರೆಗೆ ಹಿಂದೂಸ್ತಾನವನ್ನೆಲ್ಲ ಅಲೆದಿದ್ದ. ಟಿಪ್ಪು ಸುಲ್ತಾನನ ಮೇಲೆ ಕಾರ್ನ್‌ವಾಲಿಸ್ ನಡೆಸಿದ ಯುದ್ಧ ಮುಗಿದ 1792ರಲ್ಲೇ ನಮ್ಮ ಬೆಂಗಳೂರಿನ ಕಡೆಗೂ ಬಂದು ಚಿತ್ರ ಬರೆದವನು. ಸೈನ್ಯ ತುಳಿದ ದಾರಿಯಲ್ಲೇ ಕುಂಚವೂ ನಡೆಯಿತು. ಅಂಥ ಕಲಾವಿದ ಸೆಝಿನ್‌ಕೋಟ್‌ನ ತೊರೆಯ ದಡದಲ್ಲಿ ಸೂರ್ಯನಿಗೊಂದು ಗುಡಿ ಕಟ್ಟಿಸಿದ. ಸೇತುವೆಯ ಮೇಲೆ ನಂದಿಗಳನ್ನು ಕೂರಿಸಿದ. ಕೊಳದಲ್ಲಿ ಕೊರಡಿಗೆ ಸುತ್ತಿಕೊಂಡ ಮೂರು ಹೆಡೆಯ ಹಾವನ್ನಿಟ್ಟ. ಮೇಲೆ ಮೊಗಲ್ ಗುಮ್ಮಟ, ಕೆಳಗೆ ಬಸವಣ್ಣ!

ಯುವರಾಜ ಜಾರ್ಜ್ 1807ರಲ್ಲಿ ಇಲ್ಲಿಗೆ ಬಂದು ಬೆರಗಾದನೆಂದು ಹೇಳುತ್ತಾರೆ. 1815ರಿಂದ ಜಾನ್ ನ್ಯಾಶ್ ಅವನಿಗಾಗಿ ಬ್ರೈಟನ್ ಕಡಲತೀರದಲ್ಲಿ ಗುಮ್ಮಟಗಳ ಅರಮನೆಯನ್ನೇ ಎಬ್ಬಿಸಿದ. ಶತಮಾನ ಕಳೆದು ಮೊದಲ ಮಹಾಯುದ್ಧ ಬಂದಾಗ, 1914ರ ಕೊನೆಯಿಂದ ಆ ಅರಮನೆ ಗಾಯಗೊಂಡ ಭಾರತೀಯ ಸಿಪಾಯಿಗಳ ಆಸ್ಪತ್ರೆಯಾಯಿತು. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ಅಡುಗೆಮನೆ, ಬೇರೆ ಬೇರೆ ನಲ್ಲಿ. ಸತ್ತ ಮುಸ್ಲಿಮರಿಗೆ ವೋಕಿಂಗ್‌ನ ಶಹಜಹಾನ್ ಮಸೀದಿಯ ಹತ್ತಿರ ಮಣ್ಣು ಕೊಟ್ಟರು. ಹಿಂದೂ, ಸಿಖ್ ಸಿಪಾಯಿಗಳನ್ನು ಬ್ರೈಟನ್ ಬಳಿಯ ಗುಡ್ಡದ ಮೇಲೆ ದಹನ ಮಾಡಿದರು. ಆ ಜಾಗದಲ್ಲಿ 1921ರಲ್ಲಿ ಅಮೃತಶಿಲೆಯ ಛತ್ರಿಯೊಂದು ಎದ್ದು ನಿಂತಿತು. ಗೋಡೆಯ ಮೇಲಿನ ಶೃಂಗಾರವಾಗಿ ಹೋದ ಛತ್ರಿ ಕೊನೆಗೆ ತನ್ನ ಹಳೆಯ ಕೆಲಸಕ್ಕೆ, ಸತ್ತವರ ನೆನಪಿಗೆ, ಒದಗಿತು.

ಸೆಝಿನ್‌ಕೋಟ್ ಹಲವು ಕೈ ದಾಟಿ 1944ರಲ್ಲಿ ಕ್ಲೈನ್‌ವರ್ಟ್ ಕುಟುಂಬಕ್ಕೆ ಸೇರಿತು. ಮಾಸಿದ್ದ ತೋಟ ಮತ್ತೆ ಕಳೆಗೂಡಿತು. 1960ರ ದಶಕದಲ್ಲಿ ಮನೆಯ ದಕ್ಷಿಣಕ್ಕೆ ಮೊಗಲ್ ಮಾದರಿಯ ನೀರಿನ ಕಾಲುವೆಯೂ ಬಂತು.

ಈ ಮನೆಯನ್ನು ಹೇಗೆ ನೋಡಬೇಕು? ಅದಕ್ಕೆ ಸುರಿದ ಹಣ ಬಂಗಾಳದ್ದು ಎಂಬುದನ್ನು ಮರೆಯಲಾಗದು. ಕಟ್ಟಿದ ಕಾಕೆರೆಲ್ ಸಹೋದರರ ಹೆಸರು ಉಳಿಯಿತು. ಆ ಕಮಾನು, ಆ ಛಜ್ಜಾಗಳನ್ನು ತಲೆಮಾರುಗಳಿಂದ ತಿದ್ದಿ ತೀಡಿದ ಆಗ್ರಾ, ದಿಲ್ಲಿಯ ಕಲ್ಲುಕುಟಿಗರ ಹೆಸರು ಅಲ್ಲೆಲ್ಲೂ ಇಲ್ಲ. ಇದು ನಮ್ಮ ಎದೆಯಲ್ಲಿ ಚುಚ್ಚುತ್ತದೆ.

ಆದರೂ ಇನ್ನೊಂದು ಮಾತಿದೆ. ಡೇನಿಯಲ್‌ಗೆ ಗುಮ್ಮಟವೂ ನಂದಿಯೂ ಒಂದೇ ನಾಡಿನವು. ಅವನಿಗೆ ಅವುಗಳ ಅಂತರಂಗ ತಿಳಿದಿರಲಿಲ್ಲ ಎನ್ನಬಹುದು. ಆದರೆ ಬೆರಕೆ ಅವನ ಸೃಷ್ಟಿಯಲ್ಲ. ಗುಜರಾತಿನ ತೊಲೆ, ಬಂಗಾಳದ ಬಾಗಿದ ಚಾವಣಿ, ಇರಾನಿನ ಕಮಾನುಗಳನ್ನು ಮೊಗಲರ ಕಾಲದ ಕುಶಲಕರ್ಮಿಗಳು ತಿಳಿದೇ ಹೊಂದಿಸಿದ್ದರು. ಅದನ್ನು ಕಣ್ಣಾರೆ ಕಂಡು ಅವನು ಒಯ್ದ, ಅಷ್ಟೆ. ಇಂದು ನಮ್ಮ ನಡುವೆಯೇ ಗುಮ್ಮಟ ಕಂಡರೆ ಪರದೇಶದ್ದು ಎನ್ನುವವರಿದ್ದಾರೆ. ಪರದೇಶದವನಿಗೆ ಅದು ಹಿಂದೂಸ್ತಾನದ್ದಾಗಿಯೇ ಕಂಡಿತ್ತು. ನಮ್ಮೂರ ಮೇಸ್ತ್ರಿಯಂತೂ ಸಜ್ಜಾ ಹಾಕುವಾಗ ಅದು ಯಾವ ಮತದ್ದೆಂದು ಕೇಳುವುದಿಲ್ಲ. ಮಳೆ ಯಾವ ಕಡೆಯಿಂದ ಹೊಡೆಯುತ್ತದೆಂದು ಕೇಳುತ್ತಾನೆ.