ಗಾಜಿನೊಳಗಿನ ಗೀಟುಗಳು

ನನ್ನ ಸಂಗ್ರಹದಲ್ಲಿರುವ ಎರಡನೇ ಮಹಾಯುದ್ಧದ ಜರ್ಮನ್ ಬೈನಾಕ್ಯುಲರ್ ಮೇಲೆ ತಯಾರಕರ ಹೆಸರಿಲ್ಲ, ‘ಬಿಎಲ್‌ಸಿ’ ಎಂಬ ಮೂರಕ್ಷರ ಮಾತ್ರ. ಯೇನಾ ಊರಿನ ಕಾರ್ಲ್ ಝೈಸ್ ಕಾರ್ಖಾನೆಯ ಗುಪ್ತಸಂಕೇತವದು. ಶತ್ರುವಿಗೆ ಗುರುತು ಸಿಗಬಾರದಲ್ಲ! ಸಂಗ್ರಾಹಕರು ಬೆಲೆ ಕಟ್ಟುವುದು ಇಂಥ ಅಕ್ಷರಗಳಿಗೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಲಗಣ್ಣಿನ ಗಾಜಿನೊಳಗಿನ ಸಣ್ಣ ಗೀಟುಗಳು. ಪೂರ್ಣ ವೃತ್ತವನ್ನು 6400 ಪಾಲು ಮಾಡಿದರೆ, ಅದರಲ್ಲೊಂದು ಪಾಲು 1000 ಮೀಟರ್ ದೂರದಲ್ಲಿ ಸುಮಾರು ಒಂದು ಮೀಟರನ್ನು ಆವರಿಸುತ್ತದೆ. ಆಳೆತ್ತರ ಎಷ್ಟೆಂಬ ಅಂದಾಜಿದ್ದರೆ ಸಾಕು, ಅವನೆಷ್ಟು ದೂರದಲ್ಲಿ ನಿಂತಿದ್ದಾನೆಂದು ಲೆಕ್ಕ ಸಿಗುತ್ತದೆ. ಉಳಿದದ್ದು ಫಿರಂಗಿಯ ಕೆಲಸ.

ಹಕ್ಕಿ ನೋಡಲು ಒಯ್ಯಬಾರದೇ ಎನ್ನುತ್ತಾರೆ ಗೆಳೆಯರು. ಒಯ್ದಿದ್ದೇನೆ. ಆರು ಪಟ್ಟು ಹತ್ತಿರ ಬಂದ ಮಿಂಚುಳ್ಳಿ ಸೊಗಸಾಗಿಯೇ ಕಂಡಿತು, 80 ವರ್ಷದ ಗಾಜನ್ನು ಮೆಚ್ಚಬೇಕು. ಅದರ ಎದೆಯ ಮೇಲೂ ಆ ಗೀಟುಗಳು ನಿಂತಿದ್ದವು.