ಅತಿಥಿಯ ತಟ್ಟೆ

ಊರಿಗೆ ಬಂದವರಿಗೆ ಹಾಸಿಗೆ ಒದಗಿಸುವುದು ಸುಲಭ. ಅವರ ಮನಸ್ಸಿಗೆ ಒಪ್ಪುವ ಊಟವನ್ನು ಒದಗಿಸುವುದೇ ಕಷ್ಟ. ನಮ್ಮ ಬೆಳಗಾವಿಗೆ ಸಮ್ಮೇಳನಗಳೇನೂ ಹೊಸತಲ್ಲ. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಏಕೈಕ ಕಾಂಗ್ರೆಸ್ ಅಧಿವೇಶನ ೧೯೨೪ರ ಡಿಸೆಂಬರಿನಲ್ಲಿ ನಡೆದದ್ದು ಇಲ್ಲಿಯೇ. ೨೦೧೧ರ ಮಾರ್ಚಿನಲ್ಲಿ ವಿಶ್ವ ಕನ್ನಡ ಸಮ್ಮೇಳನವಾಯಿತು. ೨೦೧೨ರಲ್ಲಿ ಸುವರ್ಣ ವಿಧಾನಸೌಧ ಉದ್ಘಾಟನೆಗೊಂಡಿತು. ಇವಲ್ಲದೆ ಫೌಂಡ್ರಿ, ಯಂತ್ರೋಪಕರಣಗಳ ಉದ್ಯಮಿಗಳ ಸಭೆಗಳೂ ಇಲ್ಲಿ ಆಗಾಗ ನಡೆಯುತ್ತವೆ.

ಅಂಥದೊಂದು ಸಭೆಯ ಹಿಂದಿನ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದ. ಖಾನಾಪುರ ತಾಲೂಕಿನ ಹುಡುಗ. ಈಗ ಉದ್ಯಮಬಾಗದಲ್ಲಿ ಸಣ್ಣ ಕಾರ್ಖಾನೆ ನಡೆಸುತ್ತಾನೆ. ಮಲೇಶಿಯಾದಿಂದ ನಾಲ್ವರು ಗಿರಾಕಿಗಳು ಬರುವವರಿದ್ದರು. ಅವನು ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ: “ಸರ, ಅವರಿಗೆ ಹಲಾಲ್ ಊಟಾನ ಬೇಕಂತ. ಎಲ್ಲಿ ಕರಕೊಂಡು ಹೋಗಲಿ? ಯಾರನ್ನ ಕೇಳಬೇಕೋ ತಿಳೀವಲ್ದು.”

ಅವನು ದನಿ ತಗ್ಗಿಸಿದ್ದು ನನ್ನ ಮನಸ್ಸಿಗೆ ನಾಟಿತು. ೨೦೨೨ರ ಯುಗಾದಿಯ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಈ ಶಬ್ದ ಜಗಳದ ಮಾತಾಗಿದ್ದನ್ನು ತಾವೆಲ್ಲ ಬಲ್ಲಿರಿ. ಅತಿಥಿಗೆ ಅನ್ನ ಹಾಕುವ ವಿಚಾರವನ್ನೂ ಪಿಸುಮಾತಿನಲ್ಲಿ ಆಡಬೇಕಾಗಿ ಬಂದಿತಲ್ಲ ಎಂದು ವ್ಯಥೆಯಾಯಿತು. ನಾನು ಹುಟ್ಟಾ ಸಸ್ಯಾಹಾರಿ. ಚುನಾವಣೆಯ ಕರ್ತವ್ಯಕ್ಕೆ ಅಪರಿಚಿತ ಹಳ್ಳಿಗಳಿಗೆ ಹೋದಾಗ “ಈ ಸವಟು ಬೇರೆಯದೇನು?” ಎಂದು ಎಷ್ಟೋ ಸಲ ಕೇಳಿದ್ದೇನೆ. ಕೇಳಿದ್ದಕ್ಕೆ ಯಾರೂ ಬೇಸರಪಟ್ಟುಕೊಳ್ಳಲಿಲ್ಲ. ನನ್ನ ನಿಯಮಕ್ಕೆ ಸಿಕ್ಕ ಆ ಮರ್ಯಾದೆ ಇನ್ನೊಬ್ಬರ ನಿಯಮಕ್ಕೂ ಸಿಗಬೇಕಲ್ಲವೆ?

ನಮ್ಮ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ, ಈಗ ನಿವೃತ್ತರಾಗಿರುವ ಗೆಳೆಯರ ಬಳಿಗೆ ಅವನನ್ನು ಕರೆದೊಯ್ದೆ. ಅವರು ಪಾಠ ಹೇಳುವಂತೆಯೇ ಬಿಡಿಸಿ ಹೇಳಿದರು. ಹಲಾಲ್ ಎಂದರೆ ಧರ್ಮಸಮ್ಮತವಾದದ್ದು. ಕುರಿ, ಕೋಳಿಗಳನ್ನು ದೇವರ ಹೆಸರು ಹೇಳಿ ಕೊಯ್ದು, ರಕ್ತವನ್ನು ಹರಿಯಬಿಡಬೇಕು. ಹಂದಿಯ ಮಾಂಸ, ಮದ್ಯ ನಿಷಿದ್ಧ. ಮೀನಿಗೆ ಕೊಯ್ಯುವ ವಿಧಿ ಬೇಕಿಲ್ಲ. ಆದರೆ ಅದನ್ನು ಕರಿದ ಎಣ್ಣೆಯಲ್ಲಿ ಬೇರೇನು ಬೆಂದಿತ್ತೆಂಬುದನ್ನು ವಿಚಾರಿಸಬೇಕು. ಕಾಯಿಪಲ್ಯೆ, ಬೇಳೆ, ಹಾಲು, ಮೊಸರಿಗೆ ಅಡ್ಡಿಯಿಲ್ಲ.

ಇದನ್ನು ಕೇಳಿದೊಡನೆ ಅರ್ಧ ಸಮಸ್ಯೆ ಬಗೆಹರಿಯಿತು. ಸಭೆಯ ಮಧ್ಯಾಹ್ನದ ಊಟ ಶುದ್ಧ ಸಸ್ಯಾಹಾರವಾಗಿದ್ದುದರಿಂದ ಅಲ್ಲಿ ಅತಿಥಿಗಳು ನಿಶ್ಚಿಂತೆಯಿಂದ ಕೂಡಬಹುದಾಗಿತ್ತು. ಶುಕ್ರವಾರ ಮಾತ್ರ ಮಧ್ಯಾಹ್ನದ ನಮಾಜು ಮತ್ತು ಊಟದ ವೇಳೆ ಒಂದಾಗುತ್ತವೆ. ಅಂದು ಅವರ ಪಾಲನ್ನು ತೆಗೆದಿಡಲು ಹೇಳಬೇಕು ಎಂದರು ಗೆಳೆಯರು. ನಿಜವಾದ ತೊಡಕು ರಾತ್ರಿಯ ಔತಣದ್ದು. ಅಲ್ಲಿ ಮದ್ಯವಿರುತ್ತದೆ. ತಾವು ಕುಡಿಯದಿದ್ದರೂ ಮದ್ಯವಿರುವ ಮೇಜಿಗೆ ಕೂಡಲು ಕೆಲವರು ಒಪ್ಪುವುದಿಲ್ಲ. ಸಂಕೋಚದಿಂದ “ಹಸಿವಿಲ್ಲ” ಎಂದು ಕೋಣೆಗೆ ಹೋಗಿ ಬಾಳೆಹಣ್ಣು ತಿಂದು ಮಲಗುತ್ತಾರೆ. ಹಿಂದೊಮ್ಮೆ ಒಂದು ಸಭೆಯಲ್ಲಿ ಹಾಗಾದದ್ದನ್ನು ಅವರು ಬಲ್ಲವರು. ಅತಿಥಿ ಉಪವಾಸ ಮಲಗಿದ ಮೇಲೆ ಮರುದಿನದ ವ್ಯವಹಾರದ ಮಾತಿಗೆ ಸೊಗಸೆಲ್ಲಿಯದು?

ಸಾಯಂಕಾಲ ಮೂವರೂ ಪೇಟೆ ಸುತ್ತಿದೆವು. ಕ್ಯಾಂಪ್, ಖಡೇಬಜಾರ್, ದರ್ಬಾರ್ ಗಲ್ಲಿಗಳ ಕಡೆ ಕಬಾಬು, ಬಿರಿಯಾನಿಯ ಅಂಗಡಿಗಳಿಗೆ ಕೊರತೆಯಿಲ್ಲ. ನಿಯಾಜ್ ಹೋಟೆಲಿನ ಬಿರಿಯಾನಿಯಂತೂ ಊರ ಗಡಿ ದಾಟಿ ಹೆಸರಾದದ್ದು. ಗೆಳೆಯರು ಪ್ರತಿಯೊಂದು ಕಡೆಯೂ ಗಲ್ಲೆಯ ಮೇಲೆ ಕುಳಿತವರನ್ನು ಮೂರೇ ಪ್ರಶ್ನೆ ಕೇಳುತ್ತಿದ್ದರು: ಮಾಂಸ ಯಾರಿಂದ ಬರುತ್ತದೆ? ಅಡುಗೆಮನೆಯಲ್ಲಿ ನಿಷಿದ್ಧವಾದದ್ದೇನಾದರೂ ಬೇಯುತ್ತದೆಯೆ? ಮದ್ಯ ಕೊಡುತ್ತೀರಾ? ಗೋಡೆಯ ಮೇಲಿನ ಫಲಕಕ್ಕಿಂತ ಆ ಉತ್ತರಗಳ ಮೇಲೆಯೇ ಅವರಿಗೆ ಹೆಚ್ಚು ನಂಬಿಕೆ. ಹಿಂದೂಗಳು ನಡೆಸುವ ಹೋಟೆಲಿಗೂ ಮುಸ್ಲಿಂ ಕಸಾಯಿಗಳು ಮಾಂಸ ಒದಗಿಸುವುದುಂಟು. ಆದುದರಿಂದ ಮಾಲೀಕನ ಹೆಸರು ನೋಡಿ ತೀರ್ಮಾನಿಸಬಾರದು ಎಂದರು. ಕೇಳಿಸಿಕೊಂಡವರಲ್ಲಿ ಒಬ್ಬರೂ ಮುಖ ಸಿಂಡರಿಸಲಿಲ್ಲ. ಒಬ್ಬರು ನಮ್ಮನ್ನು ಒಳಗೆ ಕರೆದು ಒಲೆಯನ್ನೇ ತೋರಿಸಿದರು. ನನ್ನ ಶಿಷ್ಯನ ದನಿ ಅಲ್ಲಿಂದ ಮುಂದೆ ತಗ್ಗಲಿಲ್ಲ.

ಸಿಹಿಯ ವಿಷಯದಲ್ಲಿ ನಾನೇ ಗುರು! ಜೆಲ್ಲಿಯಂಥ ಪದಾರ್ಥಗಳಲ್ಲಿ ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆದ ಜೆಲಾಟಿನ್ ಇರುವುದರಿಂದ ಅಂಥವರು ಅನುಮಾನಿಸುತ್ತಾರೆ. ನಮ್ಮ ಕುಂದಾಕ್ಕೆ ಆ ಭಯವಿಲ್ಲ. ಹಾಲು, ಖವಾ, ಸಕ್ಕರೆಗಳ ಪಾಕಕ್ಕೆ ಯಾವ ಧರ್ಮದವರ ಆಕ್ಷೇಪಣೆಯಿದೆ?

ಕೊನೆಯ ದಿನ ಅತಿಥಿಗಳಿಗೆ ಹಳ್ಳಿ ನೋಡುವ ಆಸೆಯಾಯಿತಂತೆ. ಖಾನಾಪುರದ ಮೂಲಕ ಗೋವೆಗೆ ಹೋಗುವ ಹಾದಿಯಲ್ಲಿ ಬಾರ್ ಇರುವ ಊಟದ ಮನೆಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಶಿಷ್ಯ ಅಲ್ಲೆಲ್ಲೂ ನಿಲ್ಲಿಸದೆ ಅವರನ್ನು ನೇರವಾಗಿ ತನ್ನ ತಾಯಿಯ ಮನೆಗೇ ಕರೆದೊಯ್ದ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅಷ್ಟು ದಿನ ಎಲ್ಲ ಕಡೆಯೂ ವಿಚಾರಿಸಿಯೇ ಉಂಡವರು ಅಂದು ಏನನ್ನೂ ಕೇಳದೆ ಉಂಡರಂತೆ. ಆ ತಾಯಿಗೆ ಹಲಾಲ್ ಎಂಬ ಮಾತಿನ ಅರ್ಥ ತಿಳಿಯದು, “ಇನ್ನೊಂದು ರೊಟ್ಟಿ ಹಾಕಲೇನು?” ಎನ್ನುವುದಷ್ಟೇ ಗೊತ್ತು.

ಆ ವ್ಯವಹಾರ ಕುದುರಿತೇ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಈಗ ಅನೇಕರು ಸಭೆ, ಸಮ್ಮೇಳನಗಳನ್ನು ನಡೆಸುವ ಸ್ಥಾನದಲ್ಲಿದ್ದೀರಿ. ನಿಮ್ಮಲ್ಲಿ ಒಂದು ವಿನಂತಿ: ಆಮಂತ್ರಣದಲ್ಲಿ ಅತಿಥಿಯ ವಿಮಾನದ ವೇಳೆಯನ್ನು ಕೇಳುವ ಜಾಗದಲ್ಲಿಯೇ “ತಮ್ಮ ಊಟದ ನಿಯಮವೇನು?” ಎಂಬ ಒಂದು ಸಾಲನ್ನೂ ಸೇರಿಸಿ. ಜೈನರಿರಲಿ, ಮುಸಲ್ಮಾನರಿರಲಿ, ಸಕ್ಕರೆ ರೋಗದವರಿರಲಿ, ಬಾಯಿಬಿಟ್ಟು ಕೇಳುವ ಸಂಕೋಚವನ್ನು ಅತಿಥಿಯ ಪಾಲಿಗೆ ಉಳಿಸಬೇಡಿ.