ಮಂಗಳ ಅಂದ್ರೆ ಮುಗೀತಾ?

ನಮ್ಮ ಹಾಸ್ಟೆಲ್ ರೂಮಿನಲ್ಲಿ ಏನೇ ಹಾಳಾದರೂ ನಾವು ಹೇಳೋದು ಒಂದೇ ಮಾತು, "ಮಂಗಳ ಹಾಡಾಯ್ತು". ಇಯರ್‌ಫೋನ್ ಕೆಟ್ಟರೂ ಅದೇ, ಇಂಟರ್ನಲ್ಸ್ ಕೆಟ್ಟರೂ ಅದೇ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮ್ಮ ಬಾಯಿಗೆ ಬರುವ ನಾಲ್ಕೇ ನಾಲ್ಕು ನುಡಿಗಟ್ಟುಗಳಲ್ಲಿ ಅದೂ ಒಂದು.

ಹೋದ ವರ್ಷ ರೂಮಿನಲ್ಲಿ ನಾವು ನಾಲ್ವರಿದ್ದೆವು, ಈ ವರ್ಷ ಮೂವರು. ಬ್ಯಾಕ್‌ಲಾಗ್ ಜಾಸ್ತಿಯಾಗಿ ಒಬ್ಬನಿಗೆ ಇಯರ್ ಬ್ಯಾಕ್ ಆಯ್ತು. ಹಟ್ಟಿಯಂಗಡಿಯ ಮನೆಗೆ ಹೋದವನು ಗ್ರೂಪಿನಲ್ಲಿ ಬರೆದ, "ನನ್ನ ಇಂಜಿನಿಯರಿಂಗಿಗೆ ಮಂಗಳ". ನಾವು ನಗುವ ಇಮೋಜಿ ಹಾಕಿದೆವು. ಆಮೇಲೆ ಅವನ ಮೆಸೇಜೇ ಬರಲಿಲ್ಲ.

ಡಿಸೆಂಬರಿನಲ್ಲಿ ನಾವು ಮೂವರೂ ಅವನ ಮನೆಗೆ ಹೋದೆವು. ಆ ರಾತ್ರಿ ಹತ್ತಿರದ ಗದ್ದೆಯಲ್ಲಿ ಹರಕೆ ಆಟ. ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ'ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು ಅನ್ನೋದು ಕ್ವಿಜ್‌ಗೆ ಓದಿ ಗೊತ್ತಿತ್ತು. ಆಟ ನೋಡಿದ್ದು ಮಾತ್ರ ಅದೇ ಮೊದಲು. ಚೌಕಿಯಲ್ಲಿ ಗಣಪತಿ ಪೂಜೆಯಾಗಿ ಶುರುವಾದದ್ದು ಬೆಳಗಿನವರೆಗೂ ನಡೆಯಿತು. ನಾವು ತೂಕಡಿಸಿದಾಗಲೆಲ್ಲ ಚೆಂಡೆ ಎಬ್ಬಿಸುತ್ತಿತ್ತು. ಕೊನೆಗೆ ಭಾಗವತರು ಮಂಗಳ ಹಾಡಿದರು, ಜನ ಎದ್ದು ಚಾಪೆ ಕೊಡವಿದರು.

"ನಂದೂ ಹೀಗೇ, ಮಂಗಳ ಹಾಡಿ ಆಯ್ತಲ್ಲ" ಅಂದ ಅವನು. ಈ ಸಲ ನಾವ್ಯಾರೂ ನಗಲಿಲ್ಲ.

ಅವನ ಅಜ್ಜಿ ಚಾಪೆ ಸುತ್ತುತ್ತಾ ಹೇಳಿದರು, "ಮಂಗಳ ಅಂದ್ರೆ ಒಳ್ಳೇದಾಯ್ಲಿ ಅಂತ ಮಗಾ. ನಾಳೆ ಇವ್ರಿಗೆ ಬೇರೆ ಊರಂಗೆ ಆಟ ಇತ್ತಲೆ. ಮತ್ತೆ ಗಣಪತಿ ಪೂಜೆಯಿಂದ್ಲೇ ಸುರು."

ಚೌಕಿಯಲ್ಲಿ ವೇಷದವರು ಬಣ್ಣ ತೆಗೆಯುತ್ತಿದ್ದರು. ಪೆಟ್ಟಿಗೆಗಳು ಆಗಲೇ ಲಾರಿ ಏರುತ್ತಿದ್ದವು. ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯಲ್ಲಿ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. ದೀಪಾವಳಿ ಕಳೆದ ಮೇಲೆ ಮತ್ತೆ ಕಟ್ಟುತ್ತವೆ. ನಡುವಿನ ಮಳೆಗಾಲವನ್ನು ಯಾರೂ ಫೇಲ್ ಅನ್ನೋದಿಲ್ಲ.

ಹರಿಕಥೆ, ಸಂಗೀತ ಕಚೇರಿ ಕೂಡ ಮಂಗಳದಲ್ಲೇ ಮುಗಿಯುತ್ತವೆ. ಮುಗಿಯುವ ಹೊತ್ತಿನಲ್ಲಿ ಶುಭ ಕೋರುವ ಪದ ಅದು. ನಾವು ಅದನ್ನು "ಹಾಳಾಯ್ತು" ಅನ್ನೋದಕ್ಕೆ ಬಳಸ್ತಿದ್ವಿ, ನಮ್ಮ ಗೆಳೆಯನ ವಿಷಯದಲ್ಲೂ.

ಹೊರಡುವಾಗ "ಹೋಗ್ತೀವಿ" ಅಂದೆವು. "'ಹೋಯಿ ಬತ್ತೆ' ಅನ್ಕ್" ಅಂತ ಅಜ್ಜಿ ತಿದ್ದಿದರು.

ಅವನು ವಾಪಸ್ ಬರ್ತೀನಿ ಅಂತೇನೂ ಹೇಳಲಿಲ್ಲ. ಬಸ್ಸು ಕುಂದಾಪುರ ದಾಟಿದ ಮೇಲೆ ಗ್ರೂಪಿನಲ್ಲಿ ಮೆಸೇಜ್ ಬಂತು, "ಮ್ಯಾಥ್ಸ್ ನೋಟ್ಸ್ ಇದ್ರೆ ಕಳಿಸಿ". ನಾವು ಮೂವರೂ ಒಟ್ಟಿಗೇ ಕಳಿಸಿದೆವು.